ಹರಿಶ್ಚಂದ್ರನ ಫ್ಯಾಕ್ಟರಿ

ದಾದಾಸಾಹೇಬ್ ಫಾಲ್ಕೆ ಅನ್ನೋ ಹೆಸರು ನಮಗೆಲ್ಲ ಗೊತ್ತು. ಪ್ರಶಸ್ತಿಯ ಹೆಸರಾಗಿ ಗೊತ್ತು. 1995ನೇ ಸಾಲಿನದು ನಮ್ಮ ರಾಜಕುಮಾರ್ ಅವರಿಗೆ ಬಂತು, 2008ರದು ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ ಬಂತು. ಸಾಮಾನ್ಯಜ್ಞಾನದ ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಫಾಲ್ಕೆ ಯಾರಪ್ಪ ಅಂತ ಕೇಳಿದರೆ, ಭಾರತೀಯ ಚಿತ್ರರಂಗದ ಪಿತಾಮಹ ಅಂತ ಒಂದು ಸಾಲು ಹೇಳಿ ಸುಮ್ಮನಾಗುತ್ತೇವೆ. ಪಿತಾಮಹ ಅಂತ ಹಾರ ಹಾಕಿದ ಮೇಲೆ ಮನುಷ್ಯ ಕಾಣೋದಿಲ್ಲ, ಹಾರ ಮಾತ್ರ ಕಾಣುತ್ತದೆ. ನನಗೆ ಆ ಮನುಷ್ಯನ ಮನೆ ನೋಡಬೇಕು ಅನ್ನಿಸಿತು. ಮನೆ ಅಂದರೆ ಗೋಡೆ ಹೆಂಚು ಅಲ್ಲ. ಗಂಡ, ಹೆಂಡತಿ, ಮಕ್ಕಳು, ಅಡಿಗೆಮನೆ, ಅಡವಿಟ್ಟ ಒಡವೆ ಎಲ್ಲ ಸೇರಿ ಒಂದು ಕಂಪನಿ ಆಯಿತಲ್ಲ, ಆ ಮನೆ. ಅದರ ಜಮಾಖರ್ಚು ಏನು, ಕೊನೆಗೆ ಉಳಿದದ್ದೇನು, ಉಳಿದದ್ದು ಯಾರಿಗೆ, ಇಷ್ಟೇ ನನ್ನ ಪ್ರಶ್ನೆ.

ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ. ಗೋದಾವರಿ ಹುಟ್ಟುವ ಊರು ಅದು. ಕನ್ನಡ ಎಂ.ಎ. ಓದುವವರಿಗೆ ಗೋದಾವರಿ ಅಂದ ಕೂಡಲೆ ಕವಿರಾಜಮಾರ್ಗ ನೆನಪಾಗಬೇಕು. ಕಾವೇರಿಯಿಂದ ಹಿಡಿದು ಆ ನದಿಯವರೆಗೆ ಕನ್ನಡ ನಾಡು ಅಂತ ಅಲ್ಲಿ ಗಡಿ ಹಾಕಿದೆ. ಅದೇ ನದಿ ನಾಸಿಕವನ್ನು ದಾಟಿ, ಹಿಂದೆ ಔರಂಗಾಬಾದ್ ಆಗಿದ್ದು 2023ರಲ್ಲಿ ಛತ್ರಪತಿ ಸಂಭಾಜಿನಗರವಾದ ಜಿಲ್ಲೆಯ ಪೈಠಣದ ಮೇಲೆ ಹರಿದು ಪೂರ್ವಕ್ಕೆ ಹೋಗುತ್ತದೆ. ಆ ಜಿಲ್ಲೆಯಲ್ಲೇ ಎಲ್ಲೋರ, ಅಲ್ಲಿನವರ ಬಾಯಲ್ಲಿ ವೇರೂಳ. ತ್ರ್ಯಂಬಕದಲ್ಲಿ ಒಂದು ಜ್ಯೋತಿರ್ಲಿಂಗ, ವೇರೂಳದಲ್ಲಿ ಇನ್ನೊಂದು. ನಮ್ಮ ಕಡೆಯ ಯಾತ್ರೆಯ ಬಸ್ಸುಗಳು ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತವೆ.

ಅಂಥ ಒಂದು ಬಸ್ಸಿನಲ್ಲಿ ನಾನೂ ಹೋಗಿದ್ದೆ. ಎಲ್ಲೋರದ ಕೈಲಾಸ ದೇವಾಲಯ ಎಂಟನೆಯ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಗುಡಿ. ಎಲ್ಲರೂ ಅದರ ಎತ್ತರ ನೋಡುತ್ತಾರೆ, ನೋಡಬೇಕಾದ್ದೇ. ನಾನು ಹೆಚ್ಚು ಹೊತ್ತು ನಿಂತದ್ದು ಪಕ್ಕದ ಗೋಡೆಗಳ ಹತ್ತಿರ. ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಮಹಾಭಾರತ, ಅದರ ಜೊತೆಗೇ ಕೃಷ್ಣನ ಬಾಲಲೀಲೆ. ಸಾಲು ಸಾಲಾಗಿ, ಚೌಕ ಕಟ್ಟಿದ ಹಾಗೆ, ಒಂದರ ಕೆಳಗೆ ಒಂದು. ಎಡದಿಂದ ನೋಡುತ್ತಾ ಹೋದರೆ ಕಥೆ ಮುಂದುವರಿಯುತ್ತದೆ. ಅಕ್ಷರ ಬರದವನಿಗೂ ಅರ್ಥವಾಗುತ್ತದೆ. ಇದು ಫಾಲ್ಕೆಯವರಿಗಿಂತ ಸಾವಿರದ ನೂರು ವರ್ಷ ಹಿಂದಿನ ಮಾತು. ಕಥೆ ಹಳೆಯದು, ಪಾತ್ರ ಹಳೆಯದು, ಕಲ್ಲಿನಲ್ಲಿ ಓಡುವ ಹಾಗೆ ತೋರಿಸಿದ್ದು ಮಾತ್ರ ಹೊಸದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಾಲ್ಕೆಯವರ ತಂದೆ ಸಂಸ್ಕೃತ ಪಂಡಿತರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅವರಿಗೆ ಸಂಸ್ಕೃತ ಕಲಿಸುವ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯಿತು. ಹುಡುಗ 1885ರಲ್ಲಿ ಜೆ. ಜೆ. ಕಲಾಶಾಲೆ ಸೇರಿದ. ಆಮೇಲೆ ಬರೋಡೆಯ ಕಲಾಭವನ. ಚಿತ್ರ ಬರೆಯೋದು, ಫೋಟೋ ತೆಗೆಯೋದು, ಅಚ್ಚು ಹಾಕೋದು, ಒಂದೊಂದಾಗಿ ಎಲ್ಲ ಕಲಿತದ್ದಾಯಿತು. ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಪ್ಲೇಗು ಬಂತು, ಹೆಂಡತಿಯೂ ಮಗುವೂ ಹೋದರು. ಇಂದ್ರಜಾಲ ಕಲಿತು ಜಾದು ಪ್ರದರ್ಶನ ಕೊಟ್ಟರು. 1902ರಲ್ಲಿ ಮತ್ತೆ ಮದುವೆ. ಮದುಮಗಳು ಗಿರಿಜಾ, ಗಂಡನ ಮನೆಯಲ್ಲಿ ಸರಸ್ವತಿ. ಪುರಾತತ್ವ ಇಲಾಖೆಯಲ್ಲಿ ಫೋಟೋ ಮತ್ತು ನಕ್ಷೆಯ ಕೆಲಸ ಸಿಕ್ಕಿತು, ಬಿಟ್ಟರು. ಲೋಣಾವಳೆಯಲ್ಲಿದ್ದ ರವಿವರ್ಮನ ಪ್ರೆಸ್ಸಿಗೆ ಕೆಲಸ ಮಾಡಿದರು. ಲಕ್ಷ್ಮಿ ಸರಸ್ವತಿಯರ ಬಣ್ಣದ ಪಟ ಮನೆಮನೆಗೆ ಹೋಗುತ್ತಿದ್ದ ಕಾಲ ಅದು. ಒಂದೇ ದೇವಿಯ ಮುಖ ಸಾವಿರ ಗೋಡೆಗಳ ಮೇಲೆ ಹೇಗೆ ನಿಲ್ಲುತ್ತದೆ ಅನ್ನೋದನ್ನ ಫಾಲ್ಕೆ ಅಲ್ಲಿ ಕಣ್ಣಾರೆ ಕಂಡರು. ಮುಂದೆ ಸ್ವಂತ ಪ್ರೆಸ್ಸು, ಜರ್ಮನಿಗೆ ಹೋಗಿ ಬಂದು ತಂದ ಹೊಸ ವಿದ್ಯೆ, ಪಾಲುದಾರರ ಜೊತೆ ಜಗಳ, ಮತ್ತೆ ಬರಿಗೈ. ನಲವತ್ತು ವರ್ಷದ ಮನುಷ್ಯ, ಹತ್ತು ವಿದ್ಯೆ ಬಲ್ಲವನು, ಒಂದರಲ್ಲೂ ನೆಲೆ ಇಲ್ಲದವನು. ನಮ್ಮ ಊರುಗಳಲ್ಲೂ ಇಂಥವರು ಇರುತ್ತಾರೆ. ಎಲ್ಲ ಬರುತ್ತೆ, ಏನೂ ಆಗಲಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ.

1911ರ ಈಸ್ಟರ್ ಹೊತ್ತಿಗೆ ಮುಂಬಯಿಯ ಗಿರ್‌ಗಾಂವಿನ ಒಂದು ಟೆಂಟು ಥಿಯೇಟರಿನಲ್ಲಿ ಅವರು ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮನೂ ಕೃಷ್ಣನೂ ನಡೆಯುತ್ತಿದ್ದರು. ಮಾರನೆಯ ಸಲ ಹೆಂಡತಿಯನ್ನು ಕರಕೊಂಡು ಹೋಗಿ ತೋರಿಸಿದರು. ಆಮೇಲೆ ಹಗಲಿರುಳು ಅದೇ ಧ್ಯಾನ. ಸಿನಿಮಾ ನೋಡಿ ನೋಡಿ, ನಿದ್ದೆಗೆಟ್ಟು ಪ್ರಯೋಗ ಮಾಡಿ, ಕೆಲವು ದಿನ ಕಣ್ಣೇ ಕಾಣದ ಹಾಗಾಯಿತು. ಡಾಕ್ಟರು ಔಷಧಿ, ಹಲವು ಜೊತೆ ಕನ್ನಡಕ ಕೊಟ್ಟು ದೃಷ್ಟಿ ಉಳಿಸಿದರು. ವಿಮೆ ಪಾಲಿಸಿ ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಒಂದು ಸಿನಿಮಾ ವಾರಪತ್ರಿಕೆಯ ಸಂಪಾದಕರ ಗುರುತು ಮಾಡಿಕೊಂಡು, ಸಿಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋದಲ್ಲಿ ಕೆಲಸ ನೋಡಿ, ಐವತ್ತು ಪೌಂಡಿಗೆ ವಿಲಿಯಮ್ಸನ್ ಕ್ಯಾಮರಾ ಕೊಂಡು ಏಪ್ರಿಲ್‌ನಲ್ಲಿ ವಾಪಸ್ಸಾದರು. ಬಂದವರೇ ಕುಂಡದಲ್ಲಿ ಕಾಳು ಬಿತ್ತಿ, ಅದು ಮೊಳೆತು ಗಿಡವಾಗೋದನ್ನ ದಿನದಿನವೂ ಚೂರು ಚೂರಾಗಿ ಚಿತ್ರ ತೆಗೆದರು. ಒಂದು ನಿಮಿಷದಲ್ಲಿ ಬಳ್ಳಿ ಎದ್ದು ನಿಲ್ಲೋದನ್ನ ನೋಡಿದ ಮೇಲೆ ಸಾಲ ಕೊಡುವವರೂ ಎದ್ದು ನಿಂತರು.

ಈಗ ಆ ಮನೆಗೆ ಬರೋಣ. ದಾದರಿನ ಮನೆ. ಕಂಪನಿಯ ಹೆಸರು ಫಾಲ್ಕೆ ಫಿಲ್ಮ್ಸ್. ಬಂಡವಾಳ ಸರಸ್ವತಿಬಾಯಿಯ ಒಡವೆ. ಕೊಡಾಕಿನಿಂದ ಬರುತ್ತಿದ್ದ ಫಿಲಂ ಸುರುಳಿಯ ಅಂಚಿಗೆ ತೂತು ಇರುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ತೂತು ಹಾಕಬೇಕು. ಅದನ್ನು ಮಾಡಿದವರು ಸರಸ್ವತಿಬಾಯಿ. ಫಿಲಂ ತೊಳೆಯುವ ರಸಾಯನ ಬೆರೆಸಿದವರು ಅವರು. ಬಿಸಿಲಲ್ಲಿ ನಟರ ಮುಖಕ್ಕೆ ಬೆಳಕು ಬೀಳಲಿ ಅಂತ ಬಿಳಿ ಬಟ್ಟೆ ಹಿಡಿದು ನಿಂತವರೂ ಅವರೇ. ಇದೆಲ್ಲ ಮುಗಿದ ಮೇಲೆ ಅರುವತ್ತು ಎಪ್ಪತ್ತು ಜನಕ್ಕೆ ಅಡಿಗೆ, ಅವರ ಬಟ್ಟೆಬರೆ. ಮಗ ಭಾಲಚಂದ್ರ ಸಿನಿಮಾದ ರೋಹಿತಾಶ್ವನಾದ. ಹೆಂಗಸಿನ ಪಾತ್ರಕ್ಕೆ ಯಾವ ಹೆಂಗಸೂ ಸಿಗಲಿಲ್ಲ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡಿಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಅನ್ನೋ ಹುಡುಗನ ಕೈಬೆರಳು ನಾಜೂಕಾಗಿ ಕಂಡವು. ಹತ್ತು ರೂಪಾಯಿ ಸಂಬಳದವನಿಗೆ ಹದಿನೈದು ಕೊಟ್ಟು ತಾರಾಮತಿ ಮಾಡಿದರು. ಸಿನಿಮಾದಲ್ಲಿ ಕೆಲಸ ಅಂದರೆ ಮರ್ಯಾದಸ್ಥರು ಹತ್ತಿರ ಸೇರಿಸದ ಕಾಲ. ಯಾರಾದರೂ ಕೇಳಿದರೆ ಹರಿಶ್ಚಂದ್ರ ಅನ್ನೋರ ಫ್ಯಾಕ್ಟರಿಯಲ್ಲಿ ಕೆಲಸ ಅಂತ ಹೇಳಿ ಅಂತ ಫಾಲ್ಕೆ ತಮ್ಮ ಜನಕ್ಕೆ ಹೇಳಿಕೊಟ್ಟಿದ್ದರು. ಆ ಮಾತನ್ನೇ ಹೆಸರಾಗಿಟ್ಟು 2009ರಲ್ಲಿ ಪರೇಶ್ ಮೋಕಾಶಿ ಮರಾಠಿಯಲ್ಲಿ ಒಂದು ಸೊಗಸಾದ ಚಿತ್ರ ಮಾಡಿದ್ದಾರೆ, ಸಿಕ್ಕರೆ ನೋಡಿ.

ರಾಜಾ ಹರಿಶ್ಚಂದ್ರ ಆರು ತಿಂಗಳು ಇಪ್ಪತ್ತೇಳು ದಿನದಲ್ಲಿ ಮುಗಿಯಿತು. 3700 ಅಡಿ ಉದ್ದ. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಥಿಯೇಟರಿನಲ್ಲಿ ತೆರೆ ಕಂಡಿತು. ಮುಂಬಯಿಯಲ್ಲಿ ಜನ ಬಂದರು. ಸೂರತ್‌ನಲ್ಲಿ ಮೊದಲ ದಿನ ಮೂರೇ ರೂಪಾಯಿ. ಅಲ್ಲಿ ನಾಟಕ ಆರು ಗಂಟೆ ನಡೆಯುತ್ತದೆ, ಒಂದೂವರೆ ಗಂಟೆಯ ಸಿನಿಮಾಕ್ಕೆ ಅಷ್ಟೇ ದುಡ್ಡು ಯಾಕೆ ಕೊಡಬೇಕು ಅಂತ ಜನರ ಲೆಕ್ಕ. ಫಾಲ್ಕೆ ಜಾಹೀರಾತು ತಿರುಗಿಸಿದರು. 57,000 ಫೋಟೋ, ಎರಡು ಮೈಲಿ ಉದ್ದದ ಚಿತ್ರ, ಬರೀ ಮೂರಾಣೆಗೆ ಅಂತ ಸಾರಿಸಿದರು. ಮೈಲಿ ಲೆಕ್ಕ ಕೇಳಿ ಜನ ನುಗ್ಗಿದರು. ಎರಡು ಮೈಲಿ ಅನ್ನೋದು 3700 ಅಡಿಗೆ ಎಲ್ಲಿಂದ ಬಂತು ಅಂತ ಗಣಿತದ ಗೆಳೆಯರು ಕೇಳಬಹುದು. ಜಾದು ಕಲಿತವರು, ಬಿಟ್ಟುಬಿಡಿ.

ದುಡ್ಡು ಬಂದ ಕೂಡಲೆ ಫಾಲ್ಕೆ ಮುಂಬಯಿಯಲ್ಲಿ ಕೂರಲಿಲ್ಲ. ಅದೇ ವರ್ಷ ಸಂಸಾರ, ಕ್ಯಾಮರಾ, ನಟರು ಎಲ್ಲರನ್ನೂ ಕಟ್ಟಿಕೊಂಡು ನಾಸಿಕಕ್ಕೆ ಬಂದುಬಿಟ್ಟರು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ನಾಸಿಕದಲ್ಲಿ ನದಿ ಇದೆ, ಘಾಟು ಇದೆ, ಗುಡಿ ಇದೆ, ಬೆಟ್ಟ ಇದೆ. ವನವಾಸದ ರಾಮ ಇದ್ದ ಪಂಚವಟಿ ಇದೇ ಅಂತ ಜನ ನಂಬುತ್ತಾರೆ. ಪುರಾಣದ ಕಥೆಗೆ ಬೇರೆ ಸೀನರಿ ಬರೆಸಬೇಕಾಗಿಲ್ಲ. ಅಲ್ಲಿ ಮೋಹಿನಿ ಭಸ್ಮಾಸುರ ಆಯಿತು. ಅದರಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದರು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳು. 1914ರಲ್ಲಿ ಸತ್ಯವಾನ ಸಾವಿತ್ರಿ. ಮೂರೂ ಚಿತ್ರ ತಗೊಂಡು ಲಂಡನ್ನಿಗೆ ಹೋಗಿ ತೋರಿಸಿ ಬಂದರು. ಯುದ್ಧ ಶುರುವಾಯಿತು, ಸಾಲ ಕೊಡುವವರು ಕೈ ಎತ್ತಿದರು, ಕೆಲಸ ನಿಂತಿತು. 1917ರ ಲಂಕಾದಹನ ಮತ್ತೆ ಮೇಲೆತ್ತಿತು. ನಮ್ಮ ಸಾಳುಂಕೆ ಅದರಲ್ಲಿ ರಾಮನೂ ಆದ, ಸೀತೆಯೂ ಆದ. ಹನುಮಂತ ಆಕಾಶಕ್ಕೆ ಹಾರಿದ, ಲಂಕೆ ಹೊತ್ತಿ ಉರಿಯಿತು. ರಾಮ ಪರದೆಗೆ ಬಂದಾಗ ಜನ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರಂತೆ. ವಸೂಲಾದ ಚಿಲ್ಲರೆ ನಾಣ್ಯಗಳನ್ನು ಮದರಾಸಿನಲ್ಲಿ ಎತ್ತಿನ ಗಾಡಿಯಲ್ಲಿ ಪೊಲೀಸು ಕಾವಲಿನಲ್ಲಿ ಸಾಗಿಸಬೇಕಾಯಿತು ಅಂತ ಹೇಳುತ್ತಾರೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇವತ್ತು ಮನರಂಜನೆಯ ದೊಡ್ಡ ಕಂಪನಿಗಳು ಒಂದು ಪಾತ್ರ ಹಿಡಿದು ಅದನ್ನೇ ಮತ್ತೆ ಮತ್ತೆ ಸಿನಿಮಾ ಮಾಡಿ, ಪುಸ್ತಕ ಮಾಡಿ, ಆಟಿಕೆ ಮಾಡಿ ಮೂರು ತಲೆಮಾರು ನಡೆಸುತ್ತವೆ. ಫ್ರಾಂಚೈಸಿ ಅಂತಾರೆ ಅದಕ್ಕೆ. ಅಮೆರಿಕದ ವಾಲ್ಟ್ ಡಿಸ್ನಿ 1923ರಲ್ಲಿ ಅಣ್ಣ ರಾಯ್ ಜೊತೆ ಕಂಪನಿ ಕಟ್ಟಿದವನು, ಅದೂ ಮನೆಯವರ ಕಂಪನಿಯೇ. ಅವನು ಆಸ್ವಾಲ್ಡ್ ಅನ್ನೋ ಮೊಲದ ಪಾತ್ರ ಮಾಡಿದ. 1928ರಲ್ಲಿ ನೋಡಿದರೆ ಮೊಲದ ಹಕ್ಕು ಕಾಗದದಲ್ಲಿ ಬೇರೆಯವರ ಹೆಸರಿಗಿತ್ತು. ಮೊಲ ಹೋಯಿತು. ಅದೇ ವರ್ಷ ಇಲಿ ಬಂತು, ಮಿಕ್ಕಿ ಇಲಿ. ಈ ಸಲ ಹಕ್ಕನ್ನು ಭದ್ರವಾಗಿ ತನ್ನ ಹತ್ತಿರವೇ ಇಟ್ಟುಕೊಂಡ. ಆ ಮನೆತನದ ಕಂಪನಿ ನೂರು ವರ್ಷ ದಾಟಿದ್ದರ ಗುಟ್ಟುಗಳಲ್ಲಿ ಇದು ಒಂದು.

ಫಾಲ್ಕೆಯವರ ಪಾತ್ರಗಳು ಹರಿಶ್ಚಂದ್ರ, ರಾಮ, ಹನುಮಂತ, ಕೃಷ್ಣ. ಇವರ ಮೇಲೆ ಹಕ್ಕುಪತ್ರ ಯಾರು ಬರೆಸಿಕೊಳ್ಳುತ್ತಾರೆ? ಎಲ್ಲೋರದ ಶಿಲ್ಪಿ ಕಡಿದ ಕೃಷ್ಣ ಅವನೇ, ಹರಿದಾಸರ ಕೃಷ್ಣ ಅವನೇ, ಫಾಲ್ಕೆಯ ಕೃಷ್ಣನೂ ಅವನೇ. ಜನಕ್ಕೆ ಪಾತ್ರದ ಪರಿಚಯ ಮಾಡಿಸುವ ಖರ್ಚಿಲ್ಲ, ಅದು ಲಾಭ. ನಾಳೆ ಇನ್ನೊಬ್ಬ ಅದೇ ಪಾತ್ರ ತಗೊಂಡು ಹೋದರೆ ತಡೆಯೋ ಹಾಗಿಲ್ಲ, ಅದು ನಷ್ಟ. ಹಾಗಾದರೆ ಫಾಲ್ಕೆಯವರ ಸ್ವಂತ ಆಸ್ತಿ ಯಾವುದು? ನನಗೆ ತೋರುವುದು ಎರಡು. ಒಂದು, ದೇವರ ಮಹಿಮೆಯನ್ನು ಕಣ್ಣಿಗೆ ಕಾಣೋ ಹಾಗೆ ಮಾಡುವ ಕೈಚಳಕ. ಒಂದೇ ಫಿಲಮ್ಮಿನ ಮೇಲೆ ಎರಡು ಸಲ ಚಿತ್ರ ತೆಗೆಯೋದು, ಕ್ಯಾಮರಾ ನಿಲ್ಲಿಸಿ ಮನುಷ್ಯನನ್ನು ಮಾಯ ಮಾಡೋದು, ಹೀಗೆ. ಎರಡು, ಆ ಕೈಚಳಕ ಹುಟ್ಟಿದ ಮನೆ. ಕಥೆ ಎಲ್ಲರದು, ಕೈಯಿ ಮಾತ್ರ ಅವರದು. ಕೈ ಎಲ್ಲಿಯವರೆಗೆ ಮನೆಯೊಳಗಿತ್ತೋ ಅಲ್ಲಿಯವರೆಗೆ ಕಂಪನಿ ಅವರದಾಗಿತ್ತು.

1918ರ ಜನವರಿ 1ರಂದು ಅದು ಬದಲಾಯಿತು. ವ್ಯಾಪಾರಿಗಳು ಬಂಡವಾಳ ಹಾಕಿ ಹಿಂದೂಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಆಯಿತು, ಫಾಲ್ಕೆ ಅದರಲ್ಲಿ ಕೆಲಸದ ಪಾಲುದಾರ. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆ ವರ್ಷ ಆಗಸ್ಟಿನಲ್ಲಿ ಶ್ರೀಕೃಷ್ಣಜನ್ಮ ಬಂತು, 1919ರಲ್ಲಿ ಕಾಲಿಯಾ ಮರ್ದನ. ಎರಡರಲ್ಲೂ ಬಾಲಕೃಷ್ಣನಾದವಳು ಅವರ ಮಗಳು ಮಂದಾಕಿನಿ, ಆರೇಳು ವರ್ಷದ ಪುಟ್ಟ ಹುಡುಗಿ. ಕಾಲಿಯಾ ಮರ್ದನದ ಶುರುವಿನಲ್ಲಿ ಕಥೆಗೂ ಮೊದಲು ಆ ಹುಡುಗಿಯ ಮುಖವೊಂದನ್ನೇ ತೋರಿಸುತ್ತಾರೆ. ನಗು, ಅಳು, ಸಿಟ್ಟು, ಒಂದಾದ ಮೇಲೆ ಒಂದು. ಇವಳು ಸಣ್ಣ ಮಗು, ಇದು ಅಭಿನಯ, ಇನ್ನು ಮುಂದೆ ಇವಳೇ ಕೃಷ್ಣ ಅಂತ ಪ್ರೇಕ್ಷಕನಿಗೆ ಪಾಠ ಹೇಳಿದ ಹಾಗೆ. ಗುಟ್ಟು ಬಿಟ್ಟುಕೊಟ್ಟು ಆಮೇಲೆ ಮಾಯೆ ತೋರಿಸುವ ಧೈರ್ಯ ಅದು. ಅದರ ತುಣುಕು ಇವತ್ತು ನೋಡಿದರೂ ನಾಗನ ಹೆಡೆಯ ಮೇಲೆ ನಿಂತ ಆ ಹುಡುಗಿಯಿಂದ ಕಣ್ಣು ಕೀಳಲಾಗೋದಿಲ್ಲ.

ಆದರೆ ದುಡ್ಡು ಹಾಕಿದವರಿಗೆ ಖರ್ಚಿನ ಲೆಕ್ಕ ಬೇಕು, ಫಾಲ್ಕೆಯವರಿಗೆ ಚಿತ್ರ ಬೇಕು. ಎಷ್ಟು ದಿನ, ಎಷ್ಟು ಅಡಿ, ಎಷ್ಟು ರೂಪಾಯಿ ಅಂತ ದಿನಾ ಜಟಾಪಟಿ. ಅವರು ಬಿಟ್ಟು ಸಂಸಾರದೊಡನೆ ಕಾಶಿಗೆ ಹೋದರು. ಅಲ್ಲಿ ಕೂತು ರಂಗಭೂಮಿ ಅಂತ ಒಂದು ನಾಟಕ ಬರೆದರು. ತಾವು ಕಟ್ಟಿದ ಕಂಪನಿ ತಮ್ಮನ್ನು ಬಿಟ್ಟು ನಡೆಯುತ್ತಿತ್ತು. 1922ರಲ್ಲಿ ಅದೇ ಕಂಪನಿಗೆ ಸಂಬಳದ ಮೇಲೆ ವಾಪಸ್ಸು ಬಂದರು. ಗೆಳೆಯರೇ, ಈ ಸಂಬಳ ಅನ್ನೋ ಮಾತನ್ನ ಗಮನಿಸಿ. ಮನೆಯ ಯಜಮಾನ ಅದೇ ಮನೆಗೆ ನೌಕರನಾಗಿ ಬಂದ ಹಾಗೆ. ಚಿತ್ರಗಳು ಬಂದವು, ಹತ್ತಾರು ಬಂದವು, ಕಂಪನಿಯ ಯಂತ್ರ ತಿರುಗಿತು. ಆದರೆ ಅಡಿಗೆಮನೆಯಿಂದ ಕತ್ತಲೆಕೋಣೆಗೆ ಇದ್ದ ಆ ಬಾಗಿಲು ಮುಚ್ಚಿಹೋಗಿತ್ತು ಅನ್ನಿಸುತ್ತದೆ ನನಗೆ.

1931ರಲ್ಲಿ ಆಲಂ ಆರಾ ಬಂದು ಸಿನಿಮಾಕ್ಕೆ ಮಾತು ಬಂತು. ಫಾಲ್ಕೆ ಆಗ ಸೇತುಬಂಧನ ಅನ್ನೋ ಮೂಕಿ ಚಿತ್ರದಲ್ಲಿದ್ದರು. ಕಿಷ್ಕಿಂಧೆಯ ಕಥೆಗೆ ಅವರು ನಮ್ಮ ಹಂಪಿಗೂ ಬಂದು ಚಿತ್ರ ತೆಗೆದರು. ಆದರೆ ದುಡ್ಡು ಮುಗಿದು ಕೆಲಸ ನಿಂತು ನಿಂತು ನಡೆಯಿತು. ಮುಗಿಯೋ ಹೊತ್ತಿಗೆ ಮೂಕಿ ಯಾರಿಗೂ ಬೇಡ. ಆಮೇಲೆ ಮಾತು ಸೇರಿಸಿ 1934ರಲ್ಲಿ ತೆರೆಗೆ ತಂದರು. 1937ರಲ್ಲಿ ಕೊಲ್ಲಾಪುರದಲ್ಲಿ ಮಾಡಿದ ಗಂಗಾವತರಣ ಅವರ ಒಂದೇ ಪೂರ್ಣ ವಾಕ್ಚಿತ್ರ, ಅದೇ ಕೊನೆಯದು. ವಾಪಸ್ಸು ನಾಸಿಕ. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕಸುವಿಲ್ಲ. 1944ರ ಫೆಬ್ರವರಿ 16ರಂದು ಅಲ್ಲೇ ತೀರಿಕೊಂಡರು. ಸುಮಾರು 95 ಚಿತ್ರ ಮಾಡಿದ ಮನುಷ್ಯ. ಅವುಗಳಲ್ಲಿ ಉಳಿದಿರೋದು ಕೆಲವೇ ತುಣುಕು. ಆ ಕಾಲದ ಫಿಲಂ ಬೇಗ ಹೊತ್ತಿಕೊಳ್ಳುವಂಥದು, ಬಿಟ್ಟರೆ ಪುಡಿಯಾಗುವಂಥದು. ಯಾರೂ ಕಾಯಲಿಲ್ಲ. ಪುಣೆಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾದ ಮೇಲೆ ಪಿ. ಕೆ. ನಾಯರ್ ಅವರು ಹುಡುಕಿ ತಂದದ್ದರಲ್ಲಿ ಫಾಲ್ಕೆ ಮನೆಯವರ ಹತ್ತಿರ ಉಳಿದಿದ್ದ ತುಣುಕುಗಳೂ ಇದ್ದವು. ಕೊನೆಗೂ ಕಾದದ್ದು ಕಂಪನಿಯಲ್ಲ, ಮನೆ.

ಹಾಗಾದರೆ ಫಾಲ್ಕೆ ಸೋತರೇ? ಕನ್ನಡದ ಕಡೆಯಿಂದ ನೋಡಿದರೆ ಹಾಗೆ ಹೇಳಲು ಬಾಯಿ ಬರೋದಿಲ್ಲ. 1934ರಲ್ಲಿ ನಮ್ಮ ಮೊದಲ ವಾಕ್ಚಿತ್ರ ಸತಿ ಸುಲೋಚನ ತಯಾರಾದದ್ದು ಕೊಲ್ಲಾಪುರದಲ್ಲಿ, ಕಥೆ ಇಂದ್ರಜಿತುವಿನ ಹೆಂಡತಿಯದು, ಮತ್ತೆ ರಾಮಾಯಣವೇ. ರಾಘವಾಂಕ ಹದಿಮೂರನೆಯ ಶತಮಾನದಲ್ಲಿ ಬರೆದ ಹರಿಶ್ಚಂದ್ರನೇ 1965ರಲ್ಲಿ ರಾಜಕುಮಾರ್ ಆಗಿ ಸತ್ಯ ಹರಿಶ್ಚಂದ್ರದಲ್ಲಿ ನಿಂತ. ಆ ರಾಜಕುಮಾರ್ ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಅದೂ ಹೆಂಡತಿ ಮಕ್ಕಳು ಎಲ್ಲ ಬಣ್ಣ ಹಚ್ಚಿದ ಮನೆಯ ಕಂಪನಿ. ಗುಬ್ಬಿಯವರ ಸಿನಿಮಾ ಸಂಸ್ಥೆಯೇ 1954ರಲ್ಲಿ ಅವರನ್ನು ಬೇಡರ ಕಣ್ಣಪ್ಪ ಮಾಡಿತು. ಮುಂದೆ ಪಾರ್ವತಮ್ಮನವರು ವಜ್ರೇಶ್ವರಿ ಕಂಬೈನ್ಸ್ ನಡೆಸಿದರು. ಯಾವ ಕಾದಂಬರಿ ಚಿತ್ರವಾಗಬೇಕು, ಎಷ್ಟು ಖರ್ಚಾಗಬೇಕು ಅನ್ನೋದರಲ್ಲಿ ಅವರ ಮಾತಿಗೆ ತೂಕ. ಊರೂರಿನ ಹಂಚಿಕೆದಾರರಿಗೂ ಆ ಹೆಸರು ಗೊತ್ತು, ಪರದೆಯ ಮೇಲೂ ಆ ಹೆಸರು ಬಂತು.

ನನ್ನ ಮಾತು ಇಲ್ಲೇ ಇರೋದು. ಸರಸ್ವತಿಬಾಯಿಯ ಹೆಸರು ಪರದೆಯ ಮೇಲೆ ಬರಲಿಲ್ಲ, ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ. ಫಾಲ್ಕೆ ಫಿಲ್ಮ್ಸ್‌ನ ನಿಜವಾದ ಬಂಡವಾಳ ಅವರ ಒಡವೆ, ಅವರ ನಿದ್ದೆ, ಅವರ ಕೈ. 1918ರಲ್ಲಿ ಕಂಪನಿಯ ಪಾಲು ಹಂಚಿದಾಗ ರೂಪಾಯಿ ತಂದವರಿಗೆ ಪಾಲು ಸಿಕ್ಕಿತು, ತೂತು ಹಾಕಿದ ಕೈಗೆ ಸಿಗಲಿಲ್ಲ. ಯಾವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಅದರ ಮೇಲೆ ನಿಂತ ಕಂಪನಿ ಬಹಳ ದಿನ ನಿಲ್ಲೋದಿಲ್ಲ. ಬುದ್ಧಿವಂತ ಪಾಲುದಾರ ಬಂದ ದಿನ ಮನೆ ಬೇರೆ, ಕಂಪನಿ ಬೇರೆ ಆಗಿಬಿಡುತ್ತದೆ. ಕಥೆಗೇನೂ ಆಗೋದಿಲ್ಲ. ಕಥೆ ಕಲ್ಲಿನಿಂದ ಕಾಗದಕ್ಕೆ, ಕಾಗದದಿಂದ ಪರದೆಗೆ, ಯಾರನ್ನೂ ಕೇಳದೆ ನಡೆದುಕೊಂಡು ಹೋಗುತ್ತದೆ. ಅದನ್ನು ದಾಟಿಸಿದವರೇ ದಡದಲ್ಲಿ ಉಳಿಯುತ್ತಾರೆ.

ನಮ್ಮ ಸಂಘದಲ್ಲೂ ವರ್ಷಕ್ಕೊಂದು ನಾಟಕ ಆಗುತ್ತೆ. ಕರಪತ್ರದಲ್ಲಿ ನಾಟಕಕಾರ, ನಿರ್ದೇಶಕ, ಮುಖ್ಯ ಪಾತ್ರಧಾರಿಗಳ ಹೆಸರು ಹಾಕುತ್ತೇವೆ. ಸೀರೆ ಕೊಟ್ಟ ತಾಯಂದಿರು, ರಾತ್ರಿ ಪರದೆ ಹೊಲಿದವರು, ಟೀ ಕಾಯಿಸಿದವರು ಇವರ ಹೆಸರಿಗೆ ಜಾಗ ಸಾಲೋದಿಲ್ಲ. ಮುಂದಿನ ಸಲ ಇನ್ನೊಂದು ಹಾಳೆ ಖರ್ಚಾದರೂ ಆಗಲಿ, ಆ ಹೆಸರುಗಳನ್ನೂ ಹಾಕೋಣ.